ಮಾಹಿತಿ ಕೊಟ್ಟವರ ಪಟ್ಟಿ

ಅರಸೀಕೆರೆ
೨೪ ನವೆಂಬರ್ ೨೦೨೪, ಭಾನುವಾರ

ಪ್ರೀತಿಯ ಧರ್ಮೇಶಣ್ಣ,

ಹೇಗಿದೀಯ? ಬೆನ್ನುನೋವು ಕಮ್ಮಿ ಆಯ್ತಾ? ಅತ್ತಿಗೆ, ಮಗಳು ಚೆನ್ನಾಗಿದ್ದಾರೆ ಅಂದ್ಕೊಂಡಿದೀನಿ. ಫೋನ್ ಮಾಡಿದ್ರೆ ನೀನು ಎತ್ತಲ್ಲ. ವಾಟ್ಸಾಪಲ್ಲಿ ಹಾಕಿದ್ರೆ ನೀಲಿ ಗೆರೆ ಬೀಳುತ್ತೆ, ಉತ್ತರ ಬರಲ್ಲ. ಅದಕ್ಕೇ ಕಾಗದ ಹಿಡಿದು ಕೂತೆ. ಅಪ್ಪ ನನ್ನ ಜೊತೇಲೇ ಇದಾನೆ. ಎಂಬತ್ತೆರಡು ತುಂಬಿತು. ಊಟ ಅರ್ಧ ಮುದ್ದೆಗೆ ಇಳಿದಿದೆ, ಅದನ್ನೂ ನಾನು ಗದರಿಸಬೇಕು. ಕಿಡ್ನಿ ಎರಡೂ ಸೋತಿವೆ, ಡಯಾಲಿಸಿಸ್ ತಡೆಯೋ ಶಕ್ತಿ ಇಲ್ಲ, ಮನೇಲೇ ಚೆನ್ನಾಗಿ ನೋಡ್ಕೊಳ್ಳಿ ಅಂತ ಡಾಕ್ಟರು ಹೇಳಿ ಕಳಿಸಿದ್ರು. ಇದನ್ನ ನಿನಗೆ ಮೂರು ಸಲ ಮೆಸೇಜ್ ಮಾಡಿದೀನಿ.

ಈಗ ನನ್ನ ಸುದ್ದಿ, ನಗಬೇಡ. ನಲವತ್ತೇಳನೇ ವಯಸ್ಸಿಗೆ ಪಿಎಚ್.ಡಿ.ಗೆ ಸೇರಿದೀನಿ. ಹೈಸ್ಕೂಲಲ್ಲಿ ಮಕ್ಕಳಿಗೆ ಪಾಠ ಮಾಡ್ಕೊಂಡೇ ಓದಬೇಕು. ವಿಷಯ ನಮ್ಮ ಕಡೆಯ ನೀರುಗಂಟಿಗಳು. ಅಪ್ಪ ನಲವತ್ತು ವರ್ಷ ಕಣಕಟ್ಟೆ ಕೆರೆ ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಎಷ್ಟು ನೀರು ಅಂತ ಹಂಚಿದವನು. ಅವನಿಗೆ ಗೊತ್ತಿರೋದನ್ನೆಲ್ಲ ಬರೆದು, ತಮ್ಮಯ್ಯ ಅನ್ನೋ ಹೆಸರು ಅಚ್ಚಾದ ಹಾಳೆಯನ್ನ ಅವನು ಇರುವಾಗಲೇ ಅವನ ಕೈಗಿಡಬೇಕು ಅನ್ನೋದು ನನ್ನ ಹಟ. ಬೇರೆ ಯಾವ ಆಸೆಯೂ ಇಲ್ಲ, ಪ್ರಮೋಷನ್ ವಯಸ್ಸು ಮುಗೀತು.

ತಿಂಗಳಿಗೆರಡು ದಿನ ರಜೆ ಹಾಕಿ ಬೆಳಗಿನ ರೈಲಿಗೆ ಹೋಗ್ತೀನಿ. ವಿಶ್ವವಿದ್ಯಾಲಯದ ಲೈಬ್ರರಿ ನೋಡಿ ಮೊದಲ ದಿನ ದಿಗಿಲಾಯ್ತು ಕಣೋ. ಕಾರ್ಡು ಜೋಡಿಸಿಟ್ಟ ಮರದ ಪೆಟ್ಟಿಗೆ ಹುಡುಕಿದೆ, ಇಲ್ಲ. ಎಲ್ಲಾ ಕಂಪ್ಯೂಟರಲ್ಲೇ. ಮಹಾಂತೇಶ್ ಅಂತ ಲೈಬ್ರರಿಯನ್, ನನ್ನ ಹಳೇ ವಿದ್ಯಾರ್ಥಿಗಳ ವಯಸ್ಸು, ಪಾಸ್‌ವರ್ಡ್ ಮಾಡಿಕೊಟ್ಟು ಹುಡುಕಿ ಅಂದ್ರು. ನಾನು “ನೀರುಗಂಟಿಗಳ ಬಗ್ಗೆ ಇರುವ ಪುಸ್ತಕಗಳನ್ನು ದಯವಿಟ್ಟು ತೋರಿಸಿ” ಅಂತ ಟೈಪ್ ಮಾಡಿ, ಕೊನೆಗೆ ಪೂರ್ಣವಿರಾಮ ಬೇರೆ ಇಟ್ಟೆ. ಸೊನ್ನೆ ಬಂತು. ಅದಕ್ಕೆ ಮರ್ಯಾದೆ ಗೊತ್ತಾಗಲ್ಲ ಮೇಡಂ, ಎರಡು ಪದ ಹಾಕಿ ಸಾಕು ಅಂದ್ರು. ಆಮೇಲೆ ವರ್ಷ ಹಾಕಿ ಸೋಸೋದು, ಊರು ಹಾಕಿ ಸೋಸೋದು, ಬೇರೆ ಬೇರೆ ವಿಶ್ವವಿದ್ಯಾಲಯದ ಹಳೇ ಪ್ರಬಂಧ ತೆಗೆಯೋದು ಎಲ್ಲಾ ಕಲಿಸಿದ್ರು. ಪ್ರಬಂಧವನ್ನ ಹಿಂದಿನಿಂದ ಓದಿ, ಮಾಹಿತಿ ಕೊಟ್ಟವರ ಪಟ್ಟಿ ಕೊನೇಲಿರುತ್ತೆ, ಮಾತು ಯಾರದ್ದು ಅಂತ ಅಲ್ಲೇ ಗೊತ್ತಾಗೋದು ಅಂತಲೂ ಹೇಳಿದ್ರು.

ನಾನು “ನೀರುಗಂಟಿ ಕಣಕಟ್ಟೆ” ಅಂತ ಹಾಕಿದೆ. ಒಂದೇ ಒಂದು ಬಂತು. ನಿನ್ನ ಪ್ರಬಂಧ, ೨೦೦೩ರದ್ದು. ಪ್ರತಿ ಮುಗಿದುಹೋಯ್ತು ಅಂತ ಹೇಳಿ ನಮಗ್ಯಾರಿಗೂ ನೀನು ತೋರಿಸದೇ ಇದ್ದದ್ದು. ನಮ್ಮಣ್ಣನದು ಅಂತ ಅಕ್ಕಪಕ್ಕ ಕೂತವರಿಗೆಲ್ಲ ಹೇಳ್ಕೊಂಡೆ. ಪೂರ್ತಿ ಪ್ರಿಂಟ್ ತೆಗೆಸಿ ರೈಲಲ್ಲಿ ಬಿಚ್ಚಿದೆ. ಮೊದಲು ಹಿಂದಿನ ಪುಟ ನೋಡಿದೆ, ಹೇಳಿಕೊಟ್ಟ ಹಾಗೇ.

ಹನ್ನೊಂದು ಹೆಸರಿದೆ. ಅಪ್ಪನದಿಲ್ಲ. ತೂಬಿನ ಕಲ್ಲಿಗೆ ಕಿವಿ ಇಟ್ಟು, ನೀರು ಗೊರಕೆ ಹೊಡೆದ್ರೆ ಎರಡು ಬೆರಳು ಇಳಿಸಬೇಕು ಅಂತ ಅಪ್ಪ ನಮಗೆ ಹೇಳ್ತಿದ್ದನಲ್ಲ, ಅದು ಅಕ್ಷರ ಬಿಡದೆ ಇದೆ. ಹೇಳಿದವರು ಗಿಡ್ಡಯ್ಯ ಅಂತಿದೆ. ಬಸ್ ಸ್ಟಾಪಲ್ಲಿ ಟೀ ಅಂಗಡಿ ಇಟ್ಟಿದ್ದ ಗಿಡ್ಡಯ್ಯ, ಅಣ್ಣಾ, ಜನ್ಮದಲ್ಲಿ ಕೆರೆ ಏರಿ ಹತ್ತದವನು. ಮುನ್ನುಡಿಯಲ್ಲಿ ನೀನು ಕೃಷಿಕ ಮನೆತನದವನು ಅಂತ ಬರ್ಕೊಂಡಿದೀಯ. ನೀರುಗಂಟಿಯ ಮಗ ಅಂದ್ರೆ ಯಾವ ಕೇರಿಯವನು ಅಂತ ಒಂದೇ ಮಾತಲ್ಲಿ ತಿಳಿದುಹೋಗುತ್ತೆ, ಕೆಲಸಕ್ಕೆ ಅಲೀತಿದ್ದ ಹೊತ್ತಲ್ಲಿ ಅದು ನಿನಗೆ ಬೇಡವಾಗಿತ್ತು. ನೀನು ಹೆದರಿದ್ದೆ ಅನ್ನೋದು ನನಗೆ ಅರ್ಥವಾಗುತ್ತೆ. ಆದ್ರೂ ಹೊಟ್ಟೆ ಉರೀತು, ಸುಳ್ಳು ಯಾಕೆ ಹೇಳಲಿ. ಎಂಟು ವರ್ಷದಿಂದ ನೀನು ಯಾಕೆ ಮನೆ ಕಡೆ ತಲೆ ಹಾಕಿಲ್ಲ ಅನ್ನೋದೂ ಅವತ್ತೇ ಗೊತ್ತಾಯ್ತು.

ಮನೆಗೆ ಬಂದಾಗ ಕೈಲಿದ್ದ ಪ್ರಿಂಟ್ ನೋಡಿ ಅಪ್ಪ ಓದು ಅಂತ ಕೂತ. ಬೇಲೂರು, ಹಳೇಬೀಡು ಅಂತ ಬಸ್ಸಲ್ಲಿ ಕರ್ಕೊಂಡು ಹೋಗಿ ಒಂದೊಂದು ಕೆರೆ ತೂಬಿನ ಲೆಕ್ಕಾಚಾರ ಕೇಳಿ ಬರ್ಕೊಂಡಿದ್ದೆಯಲ್ಲ, ಆ ನಾಲ್ಕು ದಿನ ಅವನ ಬಾಯಲ್ಲಿ ಇನ್ನೂ ಇದೆ. ‘ನನ್ ಮಗ ನನ್ ಹೆಸ್ರ ಬುಕ್ಕಲ್ಲಿ ಹಾಕವ್ನೆ’ ಅಂತ ಇಪ್ಪತ್ತು ವರ್ಷದಿಂದ ಸಿಕ್ಕಿದವರಿಗೆಲ್ಲ ಹೇಳ್ಕೊಂಡು ಬಂದಿದಾನೆ. ಎರಡು ದಿನ ಓದಿದೆ. ನಡುನಡುವೆ ಸರಿಯಾಗಿ ಬರ್ದವ್ನೆ ಅಂತ ತಲೆ ಆಡಿಸ್ತಿದ್ದ. ಕೊನೆಗೆ, ಯಾರ್ಯಾರ ಹೆಸ್ರು ಐತೆ ಓದು ಅಂದ. ಅವನ ಹೆಸರನ್ನ ನಾನೇ ಸೇರಿಸಿ ಓದಿಬಿಡೋಣ ಅಂತ ಬಾಯಿವರೆಗೂ ಬಂತು, ಆ ಮುಖ ನೋಡ್ಕೊಂಡು ಆಗ್ಲಿಲ್ಲ. ಹನ್ನೊಂದೂ ಓದಿದೆ. ಮುಗೀತಾ ಅಂದ. ಹೂಂ ಅಂದೆ. ‘ಗಿಡ್ಡಯ್ಯ ಒಳ್ಳೇವ್ನು’ ಅಂದು ಗೋಡೆ ಕಡೆ ತಿರುಗಿ ಮಲಗಿದ. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ಇದೇ ಮಾತನ್ನ ನಾನು ತಮ್ಮಯ್ಯ ಹೇಳಿದ್ದು ಅಂತ ಬರೆದ್ರೆ, ಮೊದಲೇ ಗಿಡ್ಡಯ್ಯನ ಹೆಸರಲ್ಲಿ ಬಂದಿದೆಯಲ್ಲ ಅಂತ ನಮ್ಮ ಗೈಡ್ ಕೇಳ್ತಾರೆ. ಗಿಡ್ಡಯ್ಯ ಈಗಿಲ್ಲ. ನಮ್ಮ ತಂದೆಯ ಮಾತು, ಹೆಸರು ತಪ್ಪಾಗಿದೆ ಅಂತ ನೀನೊಂದು ಪತ್ರ ಕೊಟ್ಟರೆ ನನ್ನ ಅಧ್ಯಾಯ ನಿಲ್ಲುತ್ತೆ. ನೀನು ಪಾಠ ಮಾಡೋ ಕಾಲೇಜಲ್ಲಿ ನಾಲ್ಕು ಜನ ಆಡ್ಕೋಬಹುದು, ಗೊತ್ತು. ಅಪ್ಪನಿಗೋಸ್ಕರ ಅಷ್ಟು ತಡ್ಕೋ.

ಅತ್ತಿಗೆಗೆ ನನ್ನ ನೆನಪು ಹೇಳು, ಮಗಳ ತಲೆ ನೇವರಿಸು. ಬೆನ್ನಿಗೆ ಬಿಸಿನೀರು ಹಾಕ್ಕೋ, ಉದಾಸೀನ ಮಾಡಬೇಡ.

ನಿನ್ನ ತಂಗಿ,
ಮಾಲಿನಿ

ತಾ.ಕ.: ಸೋಮವಾರ ಬೆಳಿಗ್ಗೆ, ಅವಸರದಲ್ಲಿ ಬರೀತಿದೀನಿ. ಪತ್ರ ಕೊಡೋದು ಬೇಡ ಅಣ್ಣ. ನಿನಗೆ ಏನು ಬರ್ದೆ ಅಂತ ಅಪ್ಪ ಕೇಳಿದ, ಹೇಳಿದೆ. ‘ಗಿಡ್ಡಯ್ಯನ ಹೆಸ್ರೇ ಇರ್ಲಿ ಬುಡು ಮಗ. ನನ್ ಹೆಸ್ರು ಹಾಕುಸ್ಬುಟ್ರೆ ನಿಮ್ಮಣ್ಣಂಗೆ ನಾಚ್ಕೆ ಆಯ್ತದೆ, ನನ್ ಮಣ್ಣಿಗೂ ಬರಕ್ಕಿಲ್ಲ’ ಅಂದ. ಗಿಡ್ಡಯ್ಯ ಹೇಳಿದ್ದು ಅಂತಲೇ ತಿದ್ದಿ ಈಗಷ್ಟೇ ಗೈಡ್‌ಗೆ ಕಳಿಸಿದೆ. ನಿನ್ನನ್ನ ಇನ್ಯಾರೂ ಏನೂ ಕೇಳಲ್ಲ. ಉಸಿರಿರುವಾಗಲೇ ಬಾ.