ಎತ್ತಿಕೊಳ್ಳದ ಕೂಸು

ಮಾರ್ಚ್ 3, ಬೆಳಗ್ಗೆ 11
ಹೊಲಿಗೆ ಅಂಗಡಿಯಲ್ಲಿ ಎಂಟು ಅಂಗಿ ಕತ್ತರಿಸಿದೆ. ಒಂಬತ್ತನೆಯದಕ್ಕೆ ಬಲಗೈ ಜೋಮು ಹಿಡಿಯಿತು. ಕತ್ತರಿ ಕೈಯಲ್ಲಿದೆಯೋ ಇಲ್ಲವೋ ತಿಳಿಯದು. ಕೊಡವಿದೆ. ಮಷಿನ್ ನಿಲ್ಲಿಸಿ ಮಗ ಕೇಳಿದ, "ಯಾಕಮ್ಮ?"
"ಸೊಳ್ಳೆ. ನೀನು ಹೊಲಿ."

ಮಾರ್ಚ್ 5
ಸೊಸೆ ಆಸ್ಪತ್ರೆಯಿಂದ ಮಗು ತಂದಳು. ಹೆಣ್ಣು. ಮೂಗು ನನ್ನದೇ — ಯಾರಿಗೂ ಹೇಳಿಲ್ಲ. "ತಗೊಳ್ಳಿ ಅತ್ತೆ" ಎಂದು ಚಾಚಿದಳು. ಬೆಳಗ್ಗೆಯಷ್ಟೇ ಹಾಲಿನ ಪಾತ್ರೆ ಕೈಜಾರಿತ್ತು. ಕೈಕಟ್ಟಿ ನಿಂತೆ. "ಎತ್ತಿ ಎತ್ತಿ ಅಭ್ಯಾಸ ಮಾಡಿಸಬೇಡ" ಅಂದೆ. ಅವಳ ಮುಖ ಸಣ್ಣದಾಯಿತು. ಈ ಮದುವೆ ಬೇಡವೆಂದಿದ್ದವಳು ನಾನು. ಮರೆತಿಲ್ಲ ಅವಳು.

ಮಾರ್ಚ್ 9
ಡಾಕ್ಟರ ಹತ್ತಿರ ಒಬ್ಬಳೇ ಹೋದೆ. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆಯಂತೆ. ಕಾರ್ಪಲ್ ಟನಲ್. ಪಟ್ಟಿ ಕಟ್ಟಬೇಕು, ಕತ್ತರಿ ಮುಟ್ಟಬಾರದು. ಆಮೇಲೂ ಹೀಗೇ ಇದ್ದರೆ ಆಪರೇಷನ್.
"ಮುಂದಿನ ಸಲ ಮನೆ ಹಿರಿಯರನ್ನ ಕರ್ಕೊಂಡು ಬನ್ನಿ."
"ನಾನೇ ಹಿರಿಯಳು ಡಾಕ್ಟ್ರೇ."
ಪಟ್ಟಿಯನ್ನು ಕಪಾಟಿನಲ್ಲಿ ಬಚ್ಚಿಟ್ಟೆ.

ಮಾರ್ಚ್ 17
ಪೆನ್ನು ಹಿಡಿಯಲಾಗಲಿಲ್ಲ ಇಷ್ಟು ದಿನ. ಊರಿಗೆಲ್ಲ ಗುಂಡಿ ಹೊಲಿದವಳು, ನನ್ನ ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ.
ಸೊಸೆ ಸ್ನಾನಕ್ಕೆ ಹೋದಾಗ ತೊಟ್ಟಿಲ ಬಳಿ ಹೋದೆ. ಕೂಸಿನ ಕೆನ್ನೆ ಮುಟ್ಟಿದೆ. ಹತ್ತಿಯೋ ರೇಷ್ಮೆಯೋ ಕಣ್ಣುಮುಚ್ಚಿ ಹೇಳುತ್ತಿದ್ದ ಬೆರಳುಗಳು... ಏನೂ ತಿಳಿಯಲಿಲ್ಲ. ಕಿರುಬೆರಳೊಂದಕ್ಕೆ ತಿಳಿಯಿತು. ಬೆಚ್ಚಗಿತ್ತು. ನೀರಿನ ಸದ್ದು ನಿಲ್ಲುವವರೆಗೂ ಹಾಗೇ ಇಟ್ಟುಕೊಂಡಿದ್ದೆ.

ಮಾರ್ಚ್ 21
ಸೊಸೆ ಬ್ಯಾಗಿಗೆ ಮಗುವಿನ ಬಟ್ಟೆ ತುಂಬುತ್ತಿದ್ದಳು.
"ನನ್ ಮಗೂನ ಒಂದ್ಸಲನೂ ಎತ್ಕೊಳ್ಳಲಿಲ್ಲ ನೀವು. ನಾಳೆ ಅಮ್ಮನ ಮನೆಗೆ ಹೋಗ್ತೀನಿ. ಕರೆಯೋಕೆ ಬರಬೇಡಿ."
"ಬಾಗಿಲು ತೆಗೆದೇ ಇದೆ."
ಈ ನಾಲಿಗೆ. ಮಗ ನನ್ನ ಮುಖವನ್ನೂ ನೋಡದೆ ಅಂಗಡಿಗೆ ಹೋದ.

ಮಾರ್ಚ್ 22, ಬೆಳಗ್ಗೆ 9
ಹೇಳಿಬಿಟ್ಟೆ. ಪಟ್ಟಿ ಕಟ್ಟಿಕೊಂಡೇ ಅವಳ ಕೋಣೆಗೆ ಹೋದೆ. "ಬೀಳಿಸಿಬಿಟ್ರೆ ಅಂತ ಭಯ ಕಣೇ. ಮನಸ್ಸಿಲ್ಲದೆ ಅಲ್ಲ."
ಪಟ್ಟಿಯನ್ನು ಮುಟ್ಟಿ ನೋಡಿದಳು. "ಇಷ್ಟು ದಿನ ಬಾಯಿಗೂ ಜೋಮು ಹಿಡಿದಿತ್ತಾ ಅತ್ತೆ?"
ಬೇರೆ ದಿನವಾಗಿದ್ದರೆ ಸುಮ್ಮನೆ ಬಿಡುತ್ತಿರಲಿಲ್ಲ.
ಬ್ಯಾಗು ಇನ್ನೂ ಬಾಗಿಲಲ್ಲೇ ಇದೆ. ಹೋಗುವಳೋ, ಇರುವಳೋ ಕೇಳಲಿಲ್ಲ. ನನ್ನನ್ನು ನಡುಮನೆಗೆ ಕರೆತಂದು ಗೋಡೆಗೊರಗಿಸಿ ಕೂರಿಸಿದ್ದಾಳೆ. ಮೊಣಕೈ ಕೆಳಗೆ ಎರಡು ದಿಂಬು. ಸುಮ್ಮನಿರಲಾರದೆ ಇದನ್ನು ಗೀಚುತ್ತಿದ್ದೇನೆ. ಪಕ್ಕದ ಕೋಣೆಯಲ್ಲಿ ಕೂಸು ಎದ್ದಿತು. ಎತ್ತಿಕೊಂಡು ಬರುತ್ತಿದ್ದಾಳೆ. "ಪುಸ್ತಕ ತೆಗೀರಿ ಅತ್ತೆ, ತೊಡೆ ಮೇಲಿಂದ" ಅನ್ನುತ್ತಿ—