ಸೋಮವಾರ ಚುಚ್ಚಿದ ಬೆರಳುಗಳು

ಅಣ್ಣಯ್ಯಾ,

ನೀನು ಹೋಗಿ ಹತ್ತು ತಿಂಗಳಾಯಿತು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎಂದು ಅಮ್ಮ ಕಲಿಸಿದ್ದಳು, ಅದಕ್ಕೇ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಇವತ್ತು ಆಗುವುದಿಲ್ಲ. ಮಿಂದು, ದೇವರಿಗೆ ದೀಪ ಇಟ್ಟು ಬರೆಯಲು ಕೂತಿದ್ದೇನೆ. ಹೋದ ತಿಂಗಳು ಅತ್ತಿಗೆಯ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಕತ್ತರಿಸಿದ್ದು ಡಾಕ್ಟ್ರು. ಆದರೆ ಕಾಲು ಕೊಳೆಸಿದ್ದು ನೀನು. ನಾನೂ ಕೈ ಹಾಕಿದ್ದೇನೆ, ಅದನ್ನೂ ಬರೆಯುತ್ತೇನೆ.

ನಿನ್ನ ಮೊದಲ ಪ್ರಬಂಧ ಅಚ್ಚಾದ ದಿನ ನೆನಪಿದೆಯಾ? ಕೋಡಿಯ ಅಳಿವೆಯಲ್ಲಿ ನೀರು ಏರಿ ಇಳಿಯುವ ಲೆಕ್ಕ. ಅದು ಸರಿಯೇ, ನೀನು ಕಾಲೇಜಿನಲ್ಲಿ ಲೆಕ್ಕ ಕಲಿಸುವವನು. ಮರುವರ್ಷ ಬಂಗುಡೆ ಮೀನಿನ ರೇಟಿನ ಮೇಲೆ ಬರೆದೆ. ಆಮೇಲೆ ತೆಂಗಿನ ರೋಗ, ಮಕ್ಕಳ ಜಂತುಹುಳ, ಬ್ಯಾಂಕಿನ ಬಡ್ಡಿ, ಕಡೆಗೆ ಹೆತ್ತ ಹೆಂಗಸರ ಸೊಂಟನೋವು! ಎಲ್ಲದಕ್ಕೂ ಒಂದೇ ಪೆನ್ನು, ಒಂದೇ ಕನ್ನಡಕ. ಭಜನಾ ಮಂದಿರದ ಜಗಲಿಯಲ್ಲಿ ಮೀನು ಮಾರುವ ಗುಲಾಬಿಯಕ್ಕ ನಿನ್ನ ಮುಖಕ್ಕೇ ಕೇಳಿದ್ದಳು: "ಹ್ವಾಯ್ ಮೇಷ್ಟ್ರೇ, ಬಂಗ್ಡಿ ರೇಟ್ ನಿಮ್ ಪುಸ್ತ್ಕ ಕಂಡ್ ಇಳಿತ್ತಾ? ಸೊಂಟನೋವಿನ್ ಬಗ್ಗೆ ಬರೂಕೆ ನೀವ್ ಎಷ್ಟ್ ಹೆತ್ತಿದ್ರಿ?" ಹೆಂಗಸರು ಬಿದ್ದು ಬಿದ್ದು ನಕ್ಕರು. ನನಗೆ ಮಾತ್ರ ಅವಳ ಮೇಲೆ ಎಂಥ ಸಿಟ್ಟು! ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಅಣ್ಣನ ಹೆಸರು ಅಚ್ಚಿನಲ್ಲಿ ಕಂಡರೆ...

ಆ ಸಿಟ್ಟಿನಲ್ಲೇ ಇರಬೇಕು, ಸಕ್ಕರೆ ಕಾಯಿಲೆಯ ಸಂಶೋಧನೆಗೆ ಜನ ಬೇಕು ಎಂದು ನೀನು ಬಂದಾಗ ಕಾಯಿಲೆ ಇದ್ದ ನಮ್ಮ ಭಜನೆಯ ಹೆಂಗಸರನ್ನೆಲ್ಲ ನಾನೇ ಒಪ್ಪಿಸಿದೆ. ಅತ್ತಿಗೆಯೂ ಸೇರಿ ಮೂವತ್ತು ಜನ. ಮೊದಲ ಸಲ ಭಾನುವಾರ ಮಧ್ಯಾಹ್ನ, ಎಲ್ಲರೂ ಮೀನಿನೂಟ ಉಂಡು ತೇಗುತ್ತ ಬಂದಿದ್ದರು. ನೀನು ಬೆರಳು ಚುಚ್ಚಿ ಮಿಷನ್ನಿನಲ್ಲಿ ನೋಡಿದೆ, ನಾನು ಪುಸ್ತಕದಲ್ಲಿ ಬರೆದೆ. ದಿನಾ ಬೆಳಿಗ್ಗೆ ಕುಡಿಯಲು ನೀನು ನೇರಳೆ ತೊಗಟೆಯ ಕಷಾಯ ಹೇಳಿದೆ. ಭಾನುವಾರ ನಿನಗೆ ಟ್ಯೂಷನ್ನು, ಹಾಗಾಗಿ ಮುಂದೆ ಚುಚ್ಚಿದ್ದೆಲ್ಲ ಸೋಮವಾರ ಸಂಜೆ, ಭಜನೆಗೆ ಮೊದಲು.

ಸೋಮವಾರ, ಅಣ್ಣಯ್ಯ! ಶಂಕರನಾರಾಯಣ ದೇವರ ಹೆಸರಿನಲ್ಲಿ ನಾವೆಲ್ಲ ಒಪ್ಪತ್ತು ಹಿಡಿಯುವ ದಿನ. ಬೆಳಗಿನಿಂದ ಹಾಲು ಹಾಕದ ಒಂದು ಲೋಟ ಕಣ್ಣ ಚಾ, ಭಜನೆ ಮುಗಿದ ಮೇಲೆ ಒಂದೇ ಊಟ. ಇದು ನಿನಗೆ ಗೊತ್ತಿರಲಿಲ್ಲವಾ? ಈ ವ್ರತ ಹಿಡಿಯುವ ಮನೆಯಲ್ಲೇ ಹುಟ್ಟಿದವನಲ್ಲವಾ ನೀನು? ನಾನಂತೂ ಪುಸ್ತಕದಲ್ಲಿ ಪ್ರತಿ ಹೆಸರಿನ ಪಕ್ಕ "ಒಪ್ಪತ್ತು" ಎಂದು ಬರೆದಿಟ್ಟಿದ್ದೆ. ಮೂರು ತಿಂಗಳಾದ ಮೇಲೆ ನೀನು ಅದನ್ನು ಕಂಡು ಕೇಳಿದೆ.

"ಇದೆಂತ ಬರ್ದದ್?"

"ಸೋಮಾರ ಅವ್ರ್ ಉಂಬುದಿಲ್ಲ ಅಣ್ಣಯ್ಯ. ಖಾಲಿ ಹೊಟ್ಟಿ. ಸಕ್ರಿ ಇಳೀದೇ ಎಂತ ಮಾಡ್ತ್?"

ನಿನ್ನ ಮುಖ ಸಣ್ಣಗಾಯಿತು. ನಾನು ನೋಡಿದೆ, ಇಲ್ಲ ಎನ್ನಬೇಡ. ನೀನು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದೆ. ಕಡೆಗೆ ಹೇಳಿದೆ: "ಈಗ ದಿನ ಬದಲ್ ಮಾಡ್ರೆ ಮಾಡಿದ್ದೆಲ್ಲ ನೀರಗ್ ಹೋಪುದೇ. ಇದ್ನೆಲ್ಲ ಪುಸ್ತ್ಕದಗ್ ಬರೂಕಾಗ. ನೀ ಸುಮ್ನಿರ್." ಮರುವಾರ ನೀನು ಹೊಸ ಪುಸ್ತಕ ತಂದೆ. ಹಳೆಯದನ್ನು ನೋಡಿ ನೀನೇ ನಕಲು ಮಾಡಿದ್ದೆ. ಹೆಸರು ಇತ್ತು, ಅಂಕೆ ಇತ್ತು, ಒಪ್ಪತ್ತು ಇರಲಿಲ್ಲ. ದೇವರ ವ್ರತವನ್ನು ಅಳಿಸಿದವನ ಎದುರು, ದಿನಕ್ಕೆರಡು ಸಲ ದೇವರ ಹೆಸರು ಹೇಳುವ ನಾನು ಸುಮ್ಮನಿದ್ದೆ.

ಕಷಾಯದಿಂದ ಸಕ್ಕರೆ ಇಳಿಯುತ್ತದೆ ಎಂಬ ಪ್ರಬಂಧ ಅಚ್ಚಾಗಿ ಬಂದಾಗ ಅತ್ತಿಗೆ ಅದರ ಮೊದಲ ಹಾಳೆಗೆ ಕಟ್ಟು ಹಾಕಿಸಿ ಚಾವಡಿಯಲ್ಲಿ ತೂಗಿಸಿದಳು. ಸಕ್ಕರೆ ಕಾಯಿಲೆಗೆ ನುಂಗುತ್ತಿದ್ದ ಮಾತ್ರೆಯ ಡಬ್ಬಿಯನ್ನು ನಿನ್ನ ಎದುರೇ ಕಸಕ್ಕೆ ಹಾಕಿದಳು. "ಇವ್ರೇ ಕಂಡ್ಹಿಡ್ದ ಮದ್ದಿಪ್ಪತಿಗೆ ನಂಗ್ ಮಾತ್ರಿ ಎಂತಕೆ?" ಎಂದಳು. ನೀನು ಒಂದು ಮಾತು ಆಡಬಹುದಿತ್ತು. ಚಾ ಕುಡಿದೆ. ಹೆಂಡತಿ ಹೊಗಳುವಾಗ ಚಾ ಎಷ್ಟು ರುಚಿ ಇತ್ತು, ಹೇಳು?

ನಿನಗೆ ಸುಖದ ಸಾವು ಬಂತು. ಕಾಲೇಜಿನ ಮೆಟ್ಟಿಲಲ್ಲಿ ಎದೆ ಹಿಡಿದು ಕೂತವನು ಏಳಲೇ ಇಲ್ಲ. ಎಷ್ಟು ವಿಷಯ ಬಲ್ಲವನು, ಎಷ್ಟು ಶಾಸ್ತ್ರದಲ್ಲಿ ಕೈಯಾಡಿಸಿದವನು ಎಂದು ಸಭೆ ಮಾಡಿ ಹೊಗಳಿದರು. ಆ ಹೊತ್ತಿಗೆ ಅತ್ತಿಗೆಯ ಹೆಬ್ಬೆರಳಿನಲ್ಲಿ ಚಪ್ಪಲಿ ಕಚ್ಚಿದ ಗಾಯ ಇತ್ತು. ಸೂತಕ ಕಳೆಯಿತು, ಗಾಯ ಮಾಯಲಿಲ್ಲ. "ಅತ್ತಿಗೆ, ಮಾತ್ರಿ ತಕಣಿ, ಡಾಕ್ಟ್ರ ಹತ್ರ ಹೋಪ" ಎಂದೆ. ಕಾಲು ಹಿಡಿದುಕೊಂಡೆ. ಯಾಕೆ ಎಂದು ಕೇಳಿದಾಗ ಒಪ್ಪತ್ತಿನ ವಿಷಯ ಮುಚ್ಚಿಟ್ಟೆ. ಅವಳು ಕಷಾಯವನ್ನು ಎರಡು ಹೊತ್ತು ಮಾಡಿದಳು. ಬೆರಳು ಕಪ್ಪಾಯಿತು, ಮೇಲೆ ಪಾದ... ವಾಸನೆ ಬರುವಾಗ ಊದುಬತ್ತಿ ಹಚ್ಚಿಡುತ್ತಿದ್ದಳು. ನಿನ್ನ ಫೋಟೋಕ್ಕೆ ಎಂದು ನೆರೆಯವರು ತಿಳಿದಿದ್ದರು.

ಆಸ್ಪತ್ರೆಯಲ್ಲಿ ಎಚ್ಚರ ಬಂದ ಮರುದಿನ, ಹೊದಿಕೆ ಒಂದು ಬದಿ ಚಪ್ಪಟೆಯಾದದ್ದನ್ನು ನೋಡುತ್ತ ಮಲಗಿದ್ದಳು. ಆಗ ಎಲ್ಲ ಹೇಳಿದೆ. ಭಾನುವಾರದ ಊಟ, ಸೋಮವಾರದ ಒಪ್ಪತ್ತು, ನೀನು ಬರೆದ ಹೊಸ ಪುಸ್ತಕ. ಅವಳು ಅಳಲಿಲ್ಲ.

"ಅವ್ರಿಗ್ ಗೊತ್ತಿತ್ತಾ?"

"ಗೊತ್ತಿತ್ತ್."

"ನಿಂಗೆ?"

"ನಂಗೂ."

"ದೇವ್ರಿಗ್ ಹೆದ್ರುವಳ್ ಅಂದೇಳಿ ಊರಗೆಲ್ಲ ನಿನ್ ಹೆಸ್ರ್. ಅಣ್ಣಂಗ್ ಹೆದ್ರಿ ನನ್ ಕಾಲ್ ತೆಗ್ಸಿದೆ ಅಲ್ದಾ?" ಎಂದು ಗೋಡೆಯ ಕಡೆ ತಿರುಗಿದಳು. ತಿರುಗಲು ಸಹ ನರ್ಸ್ ಬಂದು ಹಿಡಿಯಬೇಕಾಯಿತು.

ಸಂಶೋಧನೆ ತಪ್ಪಾದರೆ ಅದನ್ನು ಅಚ್ಚು ಮಾಡಿದವರಿಗೆ ತಿಳಿಸಬೇಕು ಎಂದು ಅಲ್ಲಿಯ ಚಿಕ್ಕ ಡಾಕ್ಟ್ರು ಹೇಳಿದರು. ನಿನ್ನ ಪ್ರಬಂಧ ಹಾಕಿದ ಪತ್ರಿಕೆಯ ವಿಳಾಸಕ್ಕೆ ರಿಜಿಸ್ಟರ್ ಪತ್ರ ಹಾಕಿದೆ. ಹದಿನೈದು ದಿನಕ್ಕೆ ವಾಪಸು ಬಂತು. ಅಂಥ ಆಫೀಸೇ ಅಲ್ಲಿ ಇಲ್ಲವಂತೆ, ದುಡ್ಡು ಕೊಟ್ಟರೆ ಏನನ್ನೂ ಅಚ್ಚು ಹಾಕುವ ಕಳ್ಳ ಪತ್ರಿಕೆಯಂತೆ. ಬಂಗುಡೆ, ಬಡ್ಡಿ, ಜಂತುಹುಳ, ಸಕ್ಕರೆ, ಯಾವುದನ್ನೂ ಯಾರೂ ಓದಿ ನೋಡಿರಲಿಲ್ಲ ಅಣ್ಣಯ್ಯ. ನಿನ್ನ ವಿದ್ಯೆಯನ್ನು ನಂಬಿದ್ದು ಓದು ಬಾರದ ನಮ್ಮ ಹೆಂಗಸರು ಮಾತ್ರ. ಕೆಲವರು ತೊಗಟೆಯನ್ನು ಪೇಪರಿನಲ್ಲಿ ಕಟ್ಟಿ ಬ್ರಹ್ಮಾವರದ ಅಕ್ಕನಿಗೆ, ಬೈಂದೂರಿನ ನಾದಿನಿಗೆ ಕಳಿಸುತ್ತಿದ್ದರು. ಮಾತ್ರೆ ಬಿಟ್ಟು ಅದನ್ನು ಕುಡಿಯುವವರು ಈಗ ಎಷ್ಟೋ, ಯಾರಿಗೆ ಗೊತ್ತು?

ಅದಕ್ಕೆ ಮನೆಮನೆಗೆ ಹೇಳಲು ನಾನೇ ಹೊರಟೆ. ನಮ್ಮ ಹೆಮ್ಮಾಡಿಯ ಮನೆಗಳೆಲ್ಲ ಮುಗಿದವು. ಎರಡು ಮನೆಯಲ್ಲಿ ಹೇಳಿಸಿಕೊಳ್ಳಬೇಕಾದವರೇ ಇರಲಿಲ್ಲ, ಸೊಸೆಯಂದಿರಿಗೆ ಹೇಳಿದೆ. ಒಬ್ಬಳು ಕೂರಿಸಿ ನೀರು ಕೊಟ್ಟಳು. ಇನ್ನೊಬ್ಬಳು, "ನಮ್ ಅತ್ತಿ ಸಾಯು ಮೊದ್ಲ್ ನಿಂಗ್ ಈ ದಾರಿ ಕಾಣ್ಲಿಲ್ಯಾ?" ಎಂದು ಬಾಗಿಲು ಹಾಕಿದಳು. ಹೊರಗೆ ನಿಂತು ಕೈ ಮುಗಿದು ಬಂದೆ. ಇನ್ನೇನು ಮಾಡಲಿ?

ನಾಳೆ ಬೆಳಿಗ್ಗೆ ಬೈಂದೂರು ಬಸ್ಸು ಹಿಡಿಯುತ್ತೇನೆ. ಹೋದಲ್ಲೆಲ್ಲ ಜನ ನೆರೆದ ಮೇಲೆಯೇ ಬಾಯಿ ಬಿಡುತ್ತೇನೆ, ಒಬ್ಬರ ಕಿವಿಯಲ್ಲಿ ಪಿಸುಗುಟ್ಟುವುದಿಲ್ಲ. ಮೊದಲು ನಿನ್ನ ಹೆಸರು, ನಿನ್ನ ಡಿಗ್ರಿ ಸಮೇತ ಹೇಳುತ್ತೇನೆ. ಅವರು ಬೈದು ಮುಗಿಸುವ ತನಕ ನಿಲ್ಲುತ್ತೇನೆ. ಆಮೇಲೆ, ಪುಸ್ತಕ ಹಿಡಿದು ಪಕ್ಕದಲ್ಲಿ ಕೂತಿದ್ದವಳು ನಾನೇ ಎಂದು ಹೇಳುತ್ತೇನೆ.

ನಿನ್ನ ತಂಗಿ