ಸೀಸೆಯಲ್ಲಿರುವ ಕಗ್ಗ

ಮಾಣಿಕಟ್ಟಾ, ಕುಮಟಾ

ಸುಚಿತಾ ಮೇಡಂ ಅವರಿಗೆ ಗಣಪಿಯ ನಮಸ್ಕಾರ.

ಮನುಷ್ಯರು ಬೇಸಾಯ ಕಲಿತ ಬಗೆಯನ್ನು ಸಂಶೋಧಿಸುವ ನೀವು ಹೋದ ವರ್ಷ ನಮ್ಮ ಉಪ್ಪುನೀರಿನ ಗದ್ದೆಯ ಕಗ್ಗ ಭತ್ತವನ್ನು ಒಂದು ಸೀಸೆಯಲ್ಲಿ ಒಯ್ದಿದ್ದಿರಿ. ಹಸಿದರೂ ಬೀಜ ಮುಟ್ಟದವರಿಂದಲೇ ಬೇಸಾಯ ಉಳಿಯಿತು ಎಂದಿದ್ದಿರಿ.

ಅಪ್ಪ ತೀರಿಕೊಂಡರು. ಹನ್ನೆರಡನೆಯ ದಿನದ ಊಟಕ್ಕೆ ಭತ್ತ ಮಿಲ್ಲಿಗೆ ಕಳಿಸುವಾಗ ಗಡಿಬಿಡಿಯಲ್ಲಿ ನಾನು ಬಿತ್ತನೆಗೆಂದು ಹುಲ್ಲಿನಲ್ಲಿ ಕಟ್ಟಿಟ್ಟಿದ್ದ ಬೀಜದ ಮುಡಿಯನ್ನೇ ಕೊಟ್ಟುಬಿಟ್ಟೆ. ಊರೆಲ್ಲ ಉಂಡು ಹೋಯಿತು. ಇಲ್ಲಿ ಕಗ್ಗ ಬಿತ್ತುವವರು ನಾವೊಬ್ಬರೇ ಉಳಿದಿದ್ದೆವು. ಬೇರೆಯವರ ಗದ್ದೆಯೆಲ್ಲ ಈಗ ಸಿಗಡಿ ಕೆರೆ.

"ಬೀಜಕ್ಕೆ ಎಂತ ಆತು, ಗಣಪಿ?" ಎಂದು ಅವ್ವಿ ದಿನಾ ಕೇಳುತ್ತಾಳೆ. ನಿಮ್ಮಲ್ಲಿದೆ ಎಂದಿದ್ದೇನೆ.

ಸೀಸೆಯಲ್ಲಿ ಉಳಿದಿದ್ದರೆ ಹತ್ತು ಕಾಳು ನೆನೆಸಿ ನೋಡಿ, ಮಿಕ್ಕಿದ್ದನ್ನು ಮಳೆಗೆ ಮೊದಲು ಕಳಿಸಿ. ಮೊಳೆಯದಿದ್ದರೂ ಕಳಿಸಿ. ಅವ್ವಿಗೆ ತೋರಿಸಬೇಕು.

ನಿಮ್ಮ ದಾರಿ ಕಾಯುವ,
ಗಣಪಿ